ಹೊಸ ಚಿಪ್ಪಿಗೆ ನೊಗ ಹೂಡೋರು ಯಾರು?

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಎಲ್ಲಿಂದಾದ್ರೂ ಕೇಳ್ತಿರ್ರಿ. ನಿಮ್ಮ ಫೋನ್ ಒಳಗಿರೋ ಪ್ರೊಸೆಸರ್ ಬಹುತೇಕ ಆರ್ಮ್ ವಿನ್ಯಾಸದ್ದು. ಕಡಿಮೆ ಕರೆಂಟ್‌ನಲ್ಲಿ ದುಡಿಯೋದು ಅದರ ಗುಣ. ಈಗ ಅದೇ ವಿನ್ಯಾಸ ದೊಡ್ಡ ಸರ್ವರ್‌ಗಳಿಗೂ ಬಂದಿದೆ. ಅಮೆಜಾನ್ 2018ರಲ್ಲಿ ಗ್ರಾವಿಟಾನ್, ಮೈಕ್ರೋಸಾಫ್ಟ್ 2023ರಲ್ಲಿ ಕೋಬಾಲ್ಟ್, ಗೂಗಲ್ 2024ರಲ್ಲಿ ಆಕ್ಸಿಯಾನ್ ಘೋಷಿಸಿದವು.

ಹಾಗಾದ್ರೆ ವೇಗದ ಚಿಪ್ ಮಾಡಿದವರೇ ಗೆಲ್ತಾರಾ? ಇಲ್ರಿ. ಹೊಸ ಟ್ರ್ಯಾಕ್ಟರ್ ಎಷ್ಟೇ ಜೋರಿದ್ರೂ ಮನೆಯಲ್ಲಿರೋ ರಂಟೆ, ಕುಂಟೆ ಅದಕ್ಕೆ ಜೋಡಣೆ ಆಗದಿದ್ರೆ ಹೊಲ ಹಸನಾಗಲ್ಲ. ರಂಟೆ, ಕುಂಟೆ ಅಂದ್ರೆ ನಾವು ಬಳಸೋ ಸಾಫ್ಟ್‌ವೇರ್. ಅದನ್ನ ಚಿಪ್ಪಿಗೆ ಜೋಡಿಸೋದು ಆಪರೇಟಿಂಗ್ ಸಿಸ್ಟಮ್.

ಈ ಪಾಠ ಹಿಂದೆ ಒಮ್ಮೆ ಆಗಿದೆ. 2001ರಲ್ಲಿ ಇಂಟೆಲ್, ಎಚ್‌ಪಿ ಜೊತೆ ಸೇರಿ ರೂಪಿಸಿದ ಇಟಾನಿಯಂ ಚಿಪ್ ಬಂತು. ಅದರ ಮೇಲೆ ಜಾಗ ಹಿಡಿಯೋಕೆ ಎಚ್‌ಪಿ-ಯುಎಕ್ಸ್, ವಿಂಡೋಸ್, ಲಿನಕ್ಸ್, ಆಮೇಲೆ ಓಪನ್‌ವಿಎಂಎಸ್, ಎಲ್ಲವೂ ಪೈಪೋಟಿಗೆ ಇಳಿದವು. ಎಚ್‌ಪಿಯ ಬೆಂಗಳೂರು ಕಚೇರಿಯ ಎಂಜಿನಿಯರುಗಳೂ ಈ ಕೆಲಸದಲ್ಲಿದ್ದರು. ಆದರೆ ಹಳೇ ಪ್ರೋಗ್ರಾಂಗಳು ಇಟಾನಿಯಂ ಮೇಲೆ ಕುಂಟುತ್ತಿದ್ದವು. 2003ರಲ್ಲಿ ಎಎಂಡಿ ತಂದ ಆಪ್ಟೆರಾನ್, ಹಳೇ ಪ್ರೋಗ್ರಾಂಗಳನ್ನ ಹಾಗೇ ಓಡಿಸ್ತು. ಗಿರಾಕಿಗಳು ಆ ಕಡೆ ಹೋದರು. ಇಟಾನಿಯಂ ಕೈಬಿಡೋದಾಗಿ ರೆಡ್ ಹ್ಯಾಟ್ 2009ರಲ್ಲಿ, ಮೈಕ್ರೋಸಾಫ್ಟ್ 2010ರಲ್ಲಿ ಹೇಳಿದವು. 2021ಕ್ಕೆ ಚಿಪ್ ಪೂರೈಕೆಯೇ ನಿಂತಿತು.

ಆರ್ಮ್ ವಿಷಯದಲ್ಲಿ ಲಿನಕ್ಸ್ ಮೊದಲೇ ಎಚ್ಚೆತ್ತಿತು. 64 ಬಿಟ್ ಆರ್ಮ್‌ಗೆ ಬೆಂಬಲ 2012ರ ಡಿಸೆಂಬರ್‌ನಲ್ಲೇ ಅದರ ಕರ್ನಲ್‌ಗೆ ಸೇರಿತು. 2017ರಲ್ಲಿ ರೆಡ್ ಹ್ಯಾಟ್ ತನ್ನ ಆರ್ಮ್ ಆವೃತ್ತಿ ತಂದಿತು. ಅದೇ ವರ್ಷ ಮೈಕ್ರೋಸಾಫ್ಟ್, ತನ್ನ ಒಳಬಳಕೆಗೆ ವಿಂಡೋಸ್ ಸರ್ವರನ್ನು ಆರ್ಮ್ ಮೇಲೆ ಪರೀಕ್ಷಿಸ್ತಿರೋದಾಗಿ ಹೇಳಿತು. ಲಿನಕ್ಸ್‌ನಲ್ಲಿ ಸಾಕಷ್ಟು ಸಾಫ್ಟ್‌ವೇರ್‌ನ ಮೂಲ ಕೋಡ್ ಎಲ್ಲರಿಗೂ ಸಿಗುತ್ತೆ. ಹೊಸ ಚಿಪ್ ಬಂದ್ರೆ ಯಾರು ಬೇಕಾದ್ರೂ ಅದನ್ನ ಹೊಸದಾಗಿ ಕಂಪೈಲ್ ಮಾಡಬಹುದು. ಒಂದೇ ಕಂಪನಿಯ ಮನಸ್ಸು ಬದಲಾಗಲಿ ಅಂತ ಕಾಯಬೇಕಿಲ್ಲ.

ಇದರಿಂದ ನಮಗೇನು? ಡಿಗ್ರಿ ಓದ್ತಿರೋ ನನ್ನ ತಮ್ಮ, ತಂಗಿಯರಿಗೆ ಇದು ಕೆಲಸದ ಪ್ರಶ್ನೆ. ಒಂದೇ ಚಿಪ್ಪಿಗೆ, ಒಂದೇ ಕಂಪನಿಗೆ ಕಟ್ಟಿಹಾಕಿದ ಕೌಶಲ ಆ ಚಿಪ್ ಜೊತೆಗೇ ಮುಳುಗಬಹುದು. ಲ್ಯಾಪ್‌ಟಾಪ್ ಇಲ್ಲ ಅಂತ ಕೂರಬೇಡ್ರಿ. ಆಂಡ್ರಾಯ್ಡ್ ಫೋನಿಗೆ ಟರ್ಮಕ್ಸ್ ಅನ್ನೋ ಉಚಿತ ಆ್ಯಪ್ ಹಾಕಿದ್ರೆ ಲಿನಕ್ಸ್ ಕಮಾಂಡ್‌ಗಳನ್ನ ಅಲ್ಲೇ ಕಲೀಬಹುದು. ಡೇಟಾ ಸೆಂಟರ್‌ನ ಆ ದೊಡ್ಡ ಸರ್ವರ್ ಕೇಳೋದೂ ಹೆಚ್ಚುಕಡಿಮೆ ಅದೇ ಕಮಾಂಡ್‌ಗಳನ್ನ. ಇವತ್ತು ಊಟ ಆದ ಮೇಲೆ ರೀಲ್ಸ್ ಬಿಟ್ಟು ಹತ್ತು ನಿಮಿಷ ಕೂತು ನೋಡ್ರಿ. ಮತ್ತೆ ಸಿಗೋಣ.