ಅಂತರ್ಜಾಲದ ಅಂಗಡಿಗೆ ದಾಸ್ತಾನು ಅವಶ್ಯಕವೇ?

ಮಂಡಿಯಲ್ಲಿ ದೊರೆಯುವ ಧಾರಣೆಗೂ ಪಟ್ಟಣದ ಗಿರಾಕಿಯು ತೆರುವ ಬೆಲೆಗೂ ಇರುವ ಅಂತರವನ್ನು ಕಂಡು, ಅನೇಕ ಭೂಮಾಲೀಕರ ಮನೆಗಳಲ್ಲಿ ವಿದ್ಯಾವಂತರಾದ ಮಕ್ಕಳು ಅಂತರ್ಜಾಲದಲ್ಲಿ ಅಂಗಡಿ ತೆರೆಯಬೇಕೆಂಬ ಸಲಹೆಯನ್ನು ಹಿರಿಯರ ಮುಂದಿಡುತ್ತಿದ್ದಾರೆ. ಮೆಣಸಿನ ಪುಡಿ, ಬೆಲ್ಲ, ರಾಗಿಯ ಹುರಿಹಿಟ್ಟು, ಕಾಫಿಪುಡಿ ಮೊದಲಾದುವು ಈ ರೀತಿಯಲ್ಲಿ ಮಾರತಕ್ಕ ಪದಾರ್ಥಗಳೇ ಸರಿ. ಆದರೆ ಮನೆಯ ಯಜಮಾನರು ಬಂಡವಾಳವನ್ನು ಕೊಡುವುದಕ್ಕೆ ಮೊದಲು ಒಂದು ವಿಚಾರವನ್ನು ಇತ್ಯರ್ಥಪಡಿಸಿಕೊಳ್ಳತಕ್ಕದ್ದು. ಸರಕನ್ನು ಕೊಂಡು ಕೂಡಿಟ್ಟು ಮಾರಬೇಕೋ, ಇಲ್ಲವೆ ಆರ್ಡರು ಬಂದ ಮೇಲೆ ಬೇರೊಬ್ಬರಿಂದ ಕಳುಹಿಸಿಕೊಡಬೇಕೋ ಎಂಬುದೇ ಆ ವಿಚಾರ. ಮೊದಲನೆಯದರಲ್ಲಿ ತಪ್ಪಿದರೆ ಹಣಕ್ಕೆ ಲುಕ್ಸಾನು. ಎರಡನೆಯದರಲ್ಲಿ ತಪ್ಪಿದರೆ ಹಣದೊಂದಿಗೆ ಹೆಸರಿಗೂ ಲುಕ್ಸಾನು.

ಎರಡು ಪದ್ಧತಿಗಳು

ದಾಸ್ತಾನು ಪದ್ಧತಿಯಲ್ಲಿ ಅಂಗಡಿಯವನು ಸರಕನ್ನು ಸಗಟಾಗಿ ಕೊಂಡು ತನ್ನ ಉಗ್ರಾಣದಲ್ಲಿಟ್ಟು, ಆರ್ಡರು ಬಂದಂತೆ ತಾನೇ ಕಟ್ಟಿ ಕಳುಹಿಸುತ್ತಾನೆ. ಡ್ರಾಪ್‌ಶಿಪ್ಪಿಂಗ್ ಎಂದು ಹೆಸರಾಗಿರುವ ನೇರರವಾನೆ ಪದ್ಧತಿಯಲ್ಲಿ ಅವನ ಬಳಿ ಸರಕೇ ಇರುವುದಿಲ್ಲ. ಗಿರಾಕಿಯು ಹಣ ಕಟ್ಟಿದ ಮೇಲೆ ಆ ಆರ್ಡರನ್ನು ತಯಾರಕನಿಗೆ ತಿಳಿಸುತ್ತಾನೆ. ತಯಾರಕನು ನೇರವಾಗಿ ಗಿರಾಕಿಯ ಮನೆಗೆ ಕಳುಹಿಸುತ್ತಾನೆ. ಮಾದರಿಯನ್ನು ತೋರಿಸಿ ಆರ್ಡರು ಹಿಡಿಯುವ ದಲ್ಲಾಳಿಯ ವ್ಯವಹಾರಕ್ಕೆ ಇದು ಸಮೀಪವಾದುದು. ಆದರೆ ಒಂದು ಭೇದವುಂಟು: ಇಲ್ಲಿ ಗಿರಾಕಿಯು ವ್ಯಾಪಾರ ಮಾಡುವುದು ಅಂಗಡಿಯ ಹೆಸರನ್ನು ನಂಬಿ, ತಯಾರಕನು ಯಾರೆಂಬುದು ಅನೇಕ ವೇಳೆ ಅವನಿಗೆ ತಿಳಿದೇ ಇರುವುದಿಲ್ಲ.

ಲೆಕ್ಕದ ತಾಳೆ

ಉದಾಹರಣೆಗಾಗಿ, ಅರ್ಧ ಕಿಲೋ ಮೆಣಸಿನ ಪುಡಿಯ ಪೊಟ್ಟಣವೊಂದು ರೂ. ೨೫೦ಕ್ಕೆ ಮಾರಾಟವಾಗುವುದೆಂದು ಇಟ್ಟುಕೊಳ್ಳಬಹುದು. ಸಗಟು ಖರೀದಿಗೆ ರೂ. ೧೩೦, ಪೊಟ್ಟಣ ಕಟ್ಟುವುದಕ್ಕೆ ರೂ. ೧೫, ಸಾಗಣೆಗೆ ರೂ. ೪೫ ಆದರೆ ಪೊಟ್ಟಣಕ್ಕೆ ರೂ. ೬೦ ಉಳಿಯುತ್ತದೆ. ನೂರು ಪೊಟ್ಟಣಗಳಿಗೆ ಮುಂದಾಗಿ ಹಾಕಬೇಕಾದ ಹಣ ರೂ. ೧೪,೫೦೦. ಎಲ್ಲವೂ ಮಾರಿಹೋದರೆ ಲಾಭ ರೂ. ೬,೦೦೦. ನಲವತ್ತು ಪೊಟ್ಟಣಗಳು ಉಳಿದು ಕೆಟ್ಟರೆ, ಮಾರಿದ ಅರವತ್ತರಿಂದ ಬಂದ ರೂ. ೩,೬೦೦ ಕರಗಿ, ಮೇಲೆ ರೂ. ೨,೨೦೦ ನಷ್ಟವಾಗುತ್ತದೆ. ಉಳಿದ ಸರಕೆಲ್ಲ ಕೆಡುವುದೆಂದು ಭಾವಿಸಿದರೆ, ನೂರರಲ್ಲಿ ೭೧ಕ್ಕಿಂತ ಕಡಮೆ ಮಾರಾಟವಾದಾಗ ಈ ಅಂಗಡಿಗೆ ನಷ್ಟವೇ ಗತಿ.

ನೇರರವಾನೆಯಲ್ಲಿ ಈ ಭಯವಿಲ್ಲ. ಆದರೆ ಒಂದೊಂದೇ ಪೊಟ್ಟಣವನ್ನು ಕಟ್ಟಿ ಕಳುಹಿಸುವ ತಯಾರಕನು ಸಗಟು ದರಕ್ಕೆ ಕೊಡಲಾರನು. ಅವನು ರೂ. ೧೮೦ ಕೇಳಿದರೆ, ಸಾಗಣೆಯ ರೂ. ೪೫ ಕಳೆದು ಉಳಿಯುವುದು ರೂ. ೨೫ ಮಾತ್ರ. ಹತ್ತು ಪೊಟ್ಟಣಗಳಲ್ಲಿ ಒಂದು ಹಿಂದಿರುಗಿತೆಂದರೆ, ಒಂಬತ್ತರ ಲಾಭ ರೂ. ೨೨೫ರಲ್ಲಿ ಹೋಗಿಬರುವ ಸಾಗಣೆಗೆ ರೂ. ೯೦ ಕಳೆದು ರೂ. ೧೩೫ ನಿಲ್ಲುತ್ತದೆ. ತಯಾರಕನು ಸರಕನ್ನು ಹಿಂದಕ್ಕೆ ಪಡೆಯಲೊಪ್ಪದಿದ್ದರೆ ಅದರ ರೂ. ೧೮೦ ಕೂಡ ಹೋಗಿ, ಹತ್ತು ಆರ್ಡರುಗಳ ಶ್ರಮಕ್ಕೆ ರೂ. ೪೫ ಕೈಯಿಂದ ಕೊಟ್ಟಂತಾಗುತ್ತದೆ. ಹಿಂದಿರುಗಿದ ಸರಕಿನ ನಷ್ಟ ದಾಸ್ತಾನು ಪದ್ಧತಿಯಲ್ಲಿಯೂ ಇಲ್ಲದಿಲ್ಲ. ಆದರೆ ಅಲ್ಲಿ ಅದನ್ನು ತಡೆದುಕೊಳ್ಳುವಷ್ಟು ಅಂತರ ಉಳಿದಿರುತ್ತದೆ.

ಹೊಣೆ ಯಾರದು?

ಸರಕನ್ನು ಕಣ್ಣಿನಿಂದ ಕಾಣದವನಿಗೂ ಹೊಣೆ ತಪ್ಪುವುದಿಲ್ಲ. ೨೦೨೦ನೆಯ ಇಸವಿಯ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳ ಮೇರೆಗೆ, ದೋಷವುಳ್ಳ ಅಥವಾ ಜಾಹೀರಾತಿನ ವರ್ಣನೆಗೆ ಹೊಂದದ ಸರಕನ್ನು ಹಿಂದಕ್ಕೆ ಪಡೆಯುವುದಕ್ಕೂ ಹಣವನ್ನು ಮರಳಿಸುವುದಕ್ಕೂ ಮಾರಾಟಗಾರನು ನಿರಾಕರಿಸುವಂತಿಲ್ಲ. ಆಹಾರ ಪದಾರ್ಥವಾದರೆ ೨೦೦೬ನೆಯ ಇಸವಿಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯ ಮೇರೆಗೆ ನೋಂದಣಿ ಅಥವಾ ಪರವಾನಗಿಯೂ ಅವಶ್ಯಕ. ತಯಾರಕನು ಕಲಬೆರಕೆ ಮಾಡಿದನೆಂದು ಅಂಗಡಿಯವನು ಹೇಳಿಕೊಂಡರೆ, ಗಿರಾಕಿಯು ಅದನ್ನು ಕೇಳಿ ಸಮಾಧಾನಪಡುವನೆಂದು ನಂಬಲಾಗದು.

ಪರದೇಶದ ದೃಷ್ಟಾಂತವೊಂದು ಇಲ್ಲಿ ಉಪಯುಕ್ತವಾಗಿದೆ. ಅಮೆರಿಕದಲ್ಲಿ ೧೯೯೯ರಲ್ಲಿ ಆರಂಭವಾದ ಜಾಪೋಸ್ ಎಂಬ ಪಾದರಕ್ಷೆಗಳ ಅಂತರ್ಜಾಲದ ಅಂಗಡಿಯು ಮೊದಲು ಸರಕನ್ನು ಕೂಡಿಡದೆ, ತಯಾರಕರಿಂದಲೇ ಗಿರಾಕಿಗಳಿಗೆ ಕಳುಹಿಸಿಕೊಡುತ್ತಿತ್ತು. ಯಾವ ಸರಕು ತಯಾರಕರ ಬಳಿ ಉಂಟು, ಯಾವುದು ಮುಗಿದಿದೆ ಎಂಬುದು ಸರಿಯಾಗಿ ತಿಳಿಯದೆ ಗಿರಾಕಿಗಳಿಗೆ ಕೊಟ್ಟ ಮಾತು ತಪ್ಪತೊಡಗಿತು. ಅದರಿಂದ ಬರುತ್ತಿದ್ದ ವ್ಯಾಪಾರವು ಅಲ್ಪವಾಗಿರಲಿಲ್ಲವಾದರೂ, ೨೦೦೩ರಲ್ಲಿ ಆ ಪದ್ಧತಿಯನ್ನು ಬಿಟ್ಟು, ಸ್ವಂತ ಉಗ್ರಾಣದಿಂದಲೇ ಕಳುಹಿಸುವ ಕ್ರಮವನ್ನು ಅದು ಹಿಡಿಯಿತು.

ಪದಾರ್ಥದ ಗುಣ

ಇಷ್ಟರಿಂದ ಎಲ್ಲ ಸರಕನ್ನೂ ಕೂಡಿಡಬೇಕೆಂದು ತಿಳಿಯಕೂಡದು. ಮಾವಿನ ಹಣ್ಣನ್ನು ಕೂಡಿಡುವುದೆಂದರೆ ಕೊಳೆಸುವುದೆಂದೇ ಅರ್ಥ. ೨೦೨೦ರ ಬೇಸಗೆಯಲ್ಲಿ ಸಂಚಾರ ನಿರ್ಬಂಧವಿದ್ದಾಗ, ಕರ್ನಾಟಕ ರಾಜ್ಯ ಮಾವು ಅಭಿವೃದ್ಧಿ ಮತ್ತು ಮಾರುಕಟ್ಟೆ ನಿಗಮದ ಅಂತರ್ಜಾಲ ತಾಣದಲ್ಲಿ ಬಂದ ಆರ್ಡರುಗಳಿಗೆ ಬೆಳೆಗಾರರೇ ಹಣ್ಣನ್ನು ಪೆಟ್ಟಿಗೆಗಳಲ್ಲಿ ಕಟ್ಟಿಕೊಟ್ಟರು. ಅಂಚೆ ಇಲಾಖೆಯವರು ಬೆಂಗಳೂರಿನ ಮನೆಗಳಿಗೆ ತಲಪಿಸಿದರು. ಇಲ್ಲಿ ನಡುವೆ ದಾಸ್ತಾನಿಲ್ಲದಿದ್ದುದೇ ಲಾಭಕರ. ಏಕೆಂದರೆ ಕಳುಹಿಸುವವನು ಸ್ವತಃ ಬೆಳೆಗಾರನಾಗಿದ್ದನು.

ರಾಗಿಯ ವಿಷಯ ಬೇರೆ. ಹಿಂದಿನವರು ಅದನ್ನು ಹಗೇವುಗಳಲ್ಲಿ ವರ್ಷಗಟ್ಟಲೆ ಕೂಡಿಡುತ್ತಿದ್ದರು. ಆದರೆ ಹಿಟ್ಟಾದ ಮೇಲೆ ಅದು ಬಹುಕಾಲ ನಿಲ್ಲದು. ಇಡೀ ಮೆಣಸಿನಕಾಯಿಯನ್ನು ಬ್ಯಾಡಗಿಯ ಸುತ್ತಿನ ಶೀತಲಗೃಹಗಳಲ್ಲಿ ಬಣ್ಣ ಕೆಡದಂತೆ ಇಡುತ್ತಾರೆ. ಪುಡಿಯ ಬಣ್ಣವು ಬೇಗ ಮಾಸುತ್ತದೆ. ಬೆಲ್ಲವು ಮಳೆಗಾಲದ ತೇವಕ್ಕೆ ನೀರೊಡೆಯುತ್ತದೆ. ಆದುದರಿಂದ ಕಾಳನ್ನೂ ಕಾಯಿಯನ್ನೂ ದಾಸ್ತಾನು ಮಾಡಿ, ವಾರದ ಆರ್ಡರುಗಳನ್ನು ನೋಡಿ ಅಷ್ಟನ್ನೇ ಬೀಸಿಸುವುದು ಎರಡು ಪದ್ಧತಿಗಳ ನಡುವಣ ಕ್ಷೇಮವಾದ ದಾರಿ. ಮಾರಾಟ ತಗ್ಗಿದರೂ ಕಾಳು ಮಂಡಿಗೆ ಸಲ್ಲುತ್ತದೆ, ಹಿಟ್ಟು ಸಲ್ಲುವುದಿಲ್ಲ.

ಮಾಡತಕ್ಕ ಕ್ರಮ

ಹೊಸದಾಗಿ ಅಂಗಡಿ ತೆರೆಯುವವರು ಸ್ವಂತ ಜಮೀನಿನ ಒಂದೆರಡು ಪದಾರ್ಥಗಳಿಂದ ಆರಂಭಿಸಿ, ಒಂದು ತಿಂಗಳಿಗೆ ಸಾಲುವಷ್ಟನ್ನು ಮಾತ್ರ ಕಟ್ಟಿಡತಕ್ಕದ್ದು. ಮಾರಾಟದ ಅಂದಾಜು ಸಿಕ್ಕಿದ ಮೇಲೆ ಹೆಚ್ಚಿಸಬಹುದು. ಸಾಲ ಮಾಡಿ ಉಗ್ರಾಣ ತುಂಬುವುದು ಮೊದಲನೆಯ ವರ್ಷಕ್ಕೆ ತಕ್ಕುದಲ್ಲ.

ಬೇರೊಬ್ಬರ ಸರಕನ್ನು ನೇರರವಾನೆಗೆ ಒಪ್ಪಿಕೊಳ್ಳುವುದಾದರೆ, ಅವರ ಹೊಲವನ್ನೂ ಗಿರಣಿಯನ್ನೂ ಹೋಗಿ ನೋಡಿ, ಸರಕನ್ನು ಮೊದಲು ತಮ್ಮ ಮನೆಗೇ ತರಿಸಿ ಪರೀಕ್ಷಿಸತಕ್ಕದ್ದು. ಎಷ್ಟು ದಿನಗಳೊಳಗೆ ಕಳುಹಿಸಬೇಕು, ಸರಕು ಮುಗಿದರೆ ಎಂದು ತಿಳಿಸಬೇಕು, ಹಿಂದಿರುಗಿದ ಸರಕಿನ ಬೆಲೆಯನ್ನೂ ಸಾಗಣೆಯನ್ನೂ ಯಾರು ಹೊರಬೇಕು ಎಂಬ ಮೂರು ಅಂಶಗಳು ಬರವಣಿಗೆಯಲ್ಲಿರಬೇಕು. ಇದಕ್ಕೆ ಒಪ್ಪದವರ ಸರಕನ್ನು, ದರ ಎಷ್ಟೇ ಸುಲಭವಾಗಿದ್ದರೂ, ಬಿಡುವುದೇ ಲೇಸು.

ಗ್ರಾಮದ ಮುಖ್ಯಸ್ಥರು ಈ ವಿಷಯದಲ್ಲಿ ವಿಶೇಷವಾಗಿ ಲಕ್ಷ್ಯವಿಡುವುದು ಉಚಿತ. ಪೊಟ್ಟಣದ ಮೇಲೆ ಊರಿನ ಹೆಸರನ್ನು ಅಚ್ಚುಮಾಡಿಸಿದ ಮೇಲೆ, ಒಂದು ಅಂಗಡಿಯ ಕೆಟ್ಟ ಸರಕು ಆ ಊರಿನ ಎಲ್ಲ ಬೆಳೆಗಾರರ ಸರಕಿನ ಮೇಲೂ ಸಂಶಯವನ್ನು ತರುತ್ತದೆ. ಹೋದ ಬಂಡವಾಳವನ್ನು ಮುಂದಿನ ಫಸಲಿನಲ್ಲಿ ಕೂಡಿಸಿಕೊಳ್ಳಬಹುದು. ಹೋದ ನಂಬಿಕೆಯು ಅಷ್ಟು ಬೇಗ ಹಿಂದಿರುಗುವುದಿಲ್ಲ.