ಬೂಟ್ ಆಗುವಾಗಲೇ ‘ನಾ ಎಲ್ಲಿದ್ದೀನಿ?’ ಅಂತ ಕೇಳುವ ಲಿನಕ್ಸ್

ಇವತ್ತು ವರ್ಚುವಲ್ ಮಷಿನ್ ವಿಷಯ. ಅಂದ್ರ, ಒಂದು ಕಂಪ್ಯೂಟರ್ ಒಳಗ ಸಾಫ್ಟ್‌ವೇರ್‌ನಿಂದ ಕಟ್ಟಿದ ಇನ್ನೊಂದು ಕಂಪ್ಯೂಟರ್. ಹೊರಗಿನದು ಹೋಸ್ಟ್, ಒಳಗಿನದು ಗೆಸ್ಟ್. ನಿಮ್ಮ ಫೋನಿನ ಎಷ್ಟೋ ಆ್ಯಪ್‌ಗಳ ಸರ್ವರ್ ಕ್ಲೌಡ್‌ನಲ್ಲಿ ಇಂಥ ಗೆಸ್ಟ್ ಆಗಿಯೇ ಓಡುತ್ತದೆ.

ಗೆಸ್ಟ್‌ನಲ್ಲಿ ಲಿನಕ್ಸ್ ಶುರುವಾದ ಕೂಡಲೇ ಬರುವ ತೊಡಕು ಗಡಿಯಾರದ್ದು. ಇಂಟೆಲ್, ಎಎಂಡಿ ಪ್ರೊಸೆಸರ್‌ಗಳಲ್ಲಿ ಟಿಎಸ್‌ಸಿ ಅನ್ನುವ ಕೌಂಟರ್ ಇದೆ. ಸೆಕೆಂಡಿಗೆ ನೂರಾರು ಕೋಟಿ ಎಣಿಸುತ್ತದೆ. ಅದರ ವೇಗ ಎಷ್ಟು ಅಂತ ಇನ್ನೊಂದು ಟೈಮರ್ ಜೊತೆ ಹೋಲಿಸಿ ಅಳೆಯುವುದು ಹಳೆಯ ಪದ್ಧತಿ. ಗೆಸ್ಟ್ ಒಳಗೆ ಈ ಅಳತೆ ಕೈಕೊಡಬಹುದು.

ಕಬ್ಬಿನ ಹೊಲದ ಪಂಪ್‌ಸೆಟ್ ನೆನಸ್ಕೊಳ್ರಿ. ಬಾಯಾಗ 300 ಎಣಿಸೋದ್ರಾಗ ತೊಟ್ಟಿ ಎಷ್ಟು ತುಂಬತೈತಿ ಅಂತ ನೋಡಾಕತ್ತೀರಿ. ನಡುವ ಕಣ್ಣು ಹತ್ತಿತು. ಎಚ್ಚರಾಗಿ, ನಿದ್ದಿ ಬಂದಿದ್ದೇ ಗೊತ್ತಿಲ್ಲದ ಹಂಗ, ಬಿಟ್ಟಲ್ಲಿಂದ ಮುಂದ ಎಣಿಸಿದ್ರಿ. ನೀರು ಮಾತ್ರ ಬೀಳ್ತಾನೇ ಇತ್ತು. ‘ಏನ್ ಮೋಟಾರ್ ಐತಿ ಇದು!’ ಅಂತೀರಿ. ಹೋಸ್ಟ್ ಬೇರೆ ಕೆಲಸಕ್ಕೆ ಸಿಪಿಯು ಕಿತ್ತುಕೊಂಡಾಗ ಗೆಸ್ಟ್‌ಗೂ ಇದೇ ಗತಿ. ಟಿಎಸ್‌ಸಿ ಭಾಳ ಜೋರು ಅಂತ ತಪ್ಪು ತಿಳಿದು, ಅದರ ಗಡಿಯಾರ ಹಿಂದೆ ಬೀಳುತ್ತದೆ. ಟೈಮ್ ನೋಡಿ ಕೋಡ್ ಒಪ್ಪುವ ಲಾಗಿನ್‌ಗಳು ಕೆಡುತ್ತವೆ. ನೆಟ್‌ನಿಂದ ಸರಿ ಮಾಡ್ಕೊಂಡ್ರಾತು ಅಂತೀರೇನು? ಎನ್‌ಟಿಪಿ ಗಡಿಯಾರದ ವೇಗವನ್ನು ತಿದ್ದುವುದು ದಿನಕ್ಕೆ ಸುಮಾರು 43 ಸೆಕೆಂಡಿನ ಮಟ್ಟಿಗೆ ಮಾತ್ರ.

ಅದಕ್ಕೇ ಲಿನಕ್ಸ್ ಅಳೆಯುವ ಮೊದಲೇ ಕೇಳಿಬಿಡುತ್ತದೆ. ಸಿಪಿಯುಐಡಿ ಅನ್ನುವ ಆದೇಶಕ್ಕೆ ಬರುವ ಉತ್ತರದಲ್ಲಿ ಒಂದು ಬಿಟ್ 1 ಇದ್ದರೆ, ನೀನು ಗೆಸ್ಟ್ ಅಂತ ಅರ್ಥ. ಮತ್ತೆ ಕೇಳಿದರೆ 12 ಬೈಟ್‌ನಲ್ಲಿ ಹೋಸ್ಟ್‌ನ ಗುರುತು ಸಿಗುತ್ತದೆ. 2007ರಲ್ಲಿ ಲಿನಕ್ಸ್‌ಗೆ ಸೇರಿದ ಕೆವಿಎಂ ತನ್ನ ಹೆಸರನ್ನು ಮೂರು ಸಲ ಹೇಳುತ್ತದೆ, ‘ಕೆವಿಎಂಕೆವಿಎಂಕೆವಿಎಂ’ ಅಂತ! ಆಗ ಗೆಸ್ಟ್ ತನ್ನ ಮೆಮೊರಿಯಲ್ಲಿ ಒಂದು ಜಾಗ ತೋರಿಸುತ್ತದೆ, ಹೋಸ್ಟ್ ಅಲ್ಲಿ ಟಿಎಸ್‌ಸಿಯ ಸರಿಯಾದ ಲೆಕ್ಕ ಬರೆದಿಡುತ್ತದೆ. ಇದೇ ಕೆವಿಎಂ-ಕ್ಲಾಕ್.

ಇಷ್ಟು ಬೇಗ ಮೆಮೊರಿ ಹಂಚುವ ವ್ಯವಸ್ಥೆಯೇ ಎದ್ದಿರುವುದಿಲ್ಲ. ಹಂಗಾಗಿ ಆ ಜಾಗವನ್ನು ಕರ್ನಲ್ ಒಳಗೇ ಮೊದಲೇ ಕಾದಿರಿಸಿರುತ್ತಾರೆ. ಎಎಂಡಿಯ ಎಸ್‌ಇವಿ ಬಂದ ಮೇಲೆ ಇನ್ನೊಂದು ಪೇಚು. ಅದರಲ್ಲಿ ಗೆಸ್ಟ್‌ನ ಮೆಮೊರಿ ಎನ್‌ಕ್ರಿಪ್ಟ್ ಆಗಿರುತ್ತದೆ, ಹೋಸ್ಟ್ ಬರೆದದ್ದು ಗೆಸ್ಟ್‌ಗೆ ತಿಳಿಯುವುದೇ ಇಲ್ಲ. ಅದಕ್ಕ ಈ ಸಣ್ಣ ಜಾಗವನ್ನ ಬೇಕಂತಲೇ ಬೀಗ ಹಾಕದೆ ಬಿಡ್ತಾರ. ಮನೀಗೆಲ್ಲಾ ಕೀಲಿ, ಹಾಲಿನವ ಪಾಕೀಟ್ ಇಡೋ ಕಟ್ಟಿ ಮಾತ್ರ ಹೊರಗ ಇದ್ದಂಗ.

ಲ್ಯಾಪ್‌ಟಾಪ್‌ನಲ್ಲಿ ವರ್ಚುವಲ್‌ಬಾಕ್ಸ್ ಹಾಕಿ ಉಬುಂಟು ಓಡಿಸುವ ಸ್ಟೂಡೆಂಟ್ಸ್, ಗೆಸ್ಟ್‌ನ ಬೂಟ್ ಲಾಗ್ ತೆಗೆದು ನೋಡ್ರಿ. ಶುರುವಿನಲ್ಲೇ ‘ಹೈಪರ್‌ವೈಸರ್ ಡಿಟೆಕ್ಟೆಡ್’ ಅನ್ನುವ ಸಾಲು ಸಿಗುತ್ತದೆ. ಮುಂದೆ ಕೆವಿಎಂ ಅಂತ ಕಂಡರೆ ಗಾಬರಿ ಆಗಬ್ಯಾಡ್ರಿ. ಲಿನಕ್ಸ್ ಗೆಸ್ಟ್‌ಗಳ ಮುಂದೆ ವರ್ಚುವಲ್‌ಬಾಕ್ಸ್ ಸಾಮಾನ್ಯವಾಗಿ ಕೆವಿಎಂ ವೇಷದಲ್ಲೇ ನಿಲ್ಲುತ್ತದೆ.