ಲೈಡನ್: ಕಾಲುವೆಗಳ ನಗರದಲ್ಲಿ ಅರಬಿ ಹಸ್ತಪ್ರತಿಗಳು

ಹಾಲೆಂಡ್ ಎಂದೊಡನೆ ಕಣ್ಣ ಮುಂದೆ ಬರುವುದು ಗಾಳಿಗಿರಣಿ, ಕಾಲುವೆ ಮತ್ತು ಟ್ಯುಲಿಪ್ ಹೂ. ಆಮ್‌ಸ್ಟರ್‌ಡ್ಯಾಮ್‌ನಿಂದ ರೈಲಿನಲ್ಲಿ ಮುಕ್ಕಾಲು ಗಂಟೆಯೊಳಗೆ ತಲುಪಬಹುದಾದ ಹಳೆಯ ನಗರ ಲೈಡನ್‌ನಲ್ಲಿ ಈ ಮೂರೂ ಇವೆ. ರೈಲು ನಿಲ್ದಾಣದ ಸಮೀಪದಲ್ಲೇ ಇರುವ 1743ರ ‘ದೆ ಫಾಲ್ಕ್’ ಗಾಳಿಗಿರಣಿ ಈಗ ಮ್ಯೂಸಿಯಂ ಆಗಿದೆ. ಆದರೆ ಈ ನಗರಕ್ಕೂ ಮುಸ್ಲಿಂ ಜಗತ್ತಿಗೂ ಇರುವ ಹಳೆಯ ನಂಟು ಪ್ರವಾಸಿಗರ ಗಮನಕ್ಕೆ ಬರುವುದು ಕಡಿಮೆ.

1573-74ರಲ್ಲಿ ಸ್ಪೇನಿನ ಸೈನ್ಯ ಲೈಡನ್ನನ್ನು ಮುತ್ತಿತ್ತು. ಹಸಿವು ಮತ್ತು ರೋಗದಿಂದ ಸಾವಿರಾರು ಜನ ಸತ್ತರು. ಕೊನೆಗೆ ಡಚ್ಚರು ತಮ್ಮದೇ ಒಡ್ಡುಗಳನ್ನು ಒಡೆದು ಹೊಲಗದ್ದೆಗಳಿಗೆ ನೀರು ನುಗ್ಗಿಸಿ, ಆ ನೀರಿನ ಮೇಲೆ ದೋಣಿಗಳಲ್ಲಿ ಬಂದರು. 1574ರ ಅಕ್ಟೋಬರ್ 3ರಂದು ಊರಿನವರಿಗೆ ಹೆರಿಂಗ್ ಮೀನು ಮತ್ತು ಬಿಳಿ ರೊಟ್ಟಿ ಸಿಕ್ಕಿತು. ಪ್ರತಿ ವರ್ಷ ಆ ದಿನ ಇಲ್ಲಿ ಅವನ್ನೇ ಹಂಚುತ್ತಾರೆ. ಕುತೂಹಲದ ಸಂಗತಿಯೆಂದರೆ, ಆ ದೋಣಿಗಳಲ್ಲಿ ಬಂದ ಹೋರಾಟಗಾರರು ಅರ್ಧಚಂದ್ರಾಕಾರದ ಪದಕ ಧರಿಸುತ್ತಿದ್ದರು. ‘ಪೋಪನವರಿಗಿಂತ ತುರ್ಕರೇ ಮೇಲು’ ಎಂಬುದು ಅವರ ಘೋಷಣೆ! ಸ್ಪೇನಿನ ಶತ್ರುಗಳಾಗಿದ್ದ ಉಸ್ಮಾನಿಯರ ಮೇಲೆ ಅವರಿಗಿದ್ದದ್ದು ಪ್ರೀತಿ ಎನ್ನುವುದಕ್ಕಿಂತ ಲೆಕ್ಕಾಚಾರ ಎನ್ನಬಹುದು. ಮುತ್ತಿಗೆಯ ನೆನಪಿನ ಚಿತ್ರಗಳನ್ನು ‘ಲಾಕನ್‌ಹಾಲ್’ ಮ್ಯೂಸಿಯಂನಲ್ಲಿ ನೋಡಬಹುದು. ಅದು 1640ರಲ್ಲಿ ಬಟ್ಟೆ ವ್ಯಾಪಾರಕ್ಕೆಂದು ಕಟ್ಟಿದ ಭವನ.

ಮುತ್ತಿಗೆ ಮುಗಿದ ಮರುವರ್ಷ, 1575ರಲ್ಲಿ ಇಲ್ಲಿ ವಿಶ್ವವಿದ್ಯಾನಿಲಯ ಆರಂಭವಾಯಿತು. ಅದರ ಸಸ್ಯತೋಟ 1590ರದ್ದು. ತುರ್ಕಿಯಿಂದ ಯುರೋಪಿಗೆ ಬಂದ ಟ್ಯುಲಿಪ್ಪನ್ನು ಸಸ್ಯವಿಜ್ಞಾನಿ ಕ್ಲೂಸಿಯಸ್ ಇಲ್ಲಿ ಬೆಳೆಸಿದ. 1594ರಲ್ಲಿ ಅದು ಹೂ ಬಿಟ್ಟಿತು. ಹಾಲೆಂಡಿನ ಹೆಗ್ಗುರುತೆನಿಸಿದ ಹೂವಿನ ತವರು ಹಾಲೆಂಡ್ ಅಲ್ಲ!

ಹೂವಿನ ಹಿಂದೆಯೇ ಪುಸ್ತಕಗಳೂ ಬಂದವು. 1613ರಲ್ಲಿ ಅರಬಿ ಪ್ರಾಧ್ಯಾಪಕನಾದ ಎರ್ಪೇನಿಯಸ್ ಅದೇ ವರ್ಷ ಪ್ರಕಟಿಸಿದ ಅರಬಿ ವ್ಯಾಕರಣವನ್ನು ಯುರೋಪಿನ ವಿದ್ಯಾರ್ಥಿಗಳು ಸುಮಾರು ಎರಡು ಶತಮಾನ ಓದಿದರು. ಇಸ್ತಾಂಬುಲ್‌ನಲ್ಲಿ ಡಚ್ ಪ್ರತಿನಿಧಿಯಾಗಿದ್ದ ಲೆವಿನಸ್ ವಾರ್ನರ್ ಅಲ್ಲಿನ ಪುಸ್ತಕ ಮಾರುಕಟ್ಟೆಯಲ್ಲಿ ಕೊಂಡು ಕೂಡಿಸಿದ ಸುಮಾರು ಒಂದು ಸಾವಿರ ಹಸ್ತಪ್ರತಿಗಳು, 1665ರಲ್ಲಿ ಅವನು ತೀರಿಕೊಂಡ ನಂತರ ಲೈಡನ್ನಿಗೆ ಸೇರಿದವು. ಕುರ್ತುಬಾದ ವಿದ್ವಾಂಸ ಇಬ್ನ್ ಹಝ್ಮ್ (994-1064) ಪ್ರೀತಿಯ ಕುರಿತು ಬರೆದ ‘ತೌಕುಲ್ ಹಮಾಮ’ದ ಪ್ರತಿ ಅವುಗಳಲ್ಲೊಂದು. 1338ರಲ್ಲಿ ನಕಲು ಮಾಡಿದ ಈ ಒಂದೇ ಹಸ್ತಪ್ರತಿ ಇಂದು ಲೋಕಕ್ಕೆ ಗೊತ್ತಿರುವುದು. ಅದು ಕಳೆದುಹೋಗಿದ್ದರೆ ಆ ಗ್ರಂಥವೇ ಇಲ್ಲ. ನಮ್ಮ ಮನೆಗಳ ಅಟ್ಟದಲ್ಲಿ ಗೆದ್ದಲು ತಿನ್ನುತ್ತಿರುವ ಕಿತಾಬುಗಳ ನೆನಪಾಗದೆ ಇರುವುದಿಲ್ಲ.

ಈ ವಿದ್ಯೆಗೆ ಇನ್ನೊಂದು ಮುಖವೂ ಇದೆ. ಲೈಡನ್ನಿನಲ್ಲಿ ಕಲಿತ ಸ್ನೌಕ್ ಹುರ್ಖ್ರೋನ್ಯೆ 1885ರಲ್ಲಿ ಅಬ್ದುಲ್ ಗಫ್ಫಾರ್ ಎಂಬ ಹೆಸರಿನಿಂದ ಮಕ್ಕಾದಲ್ಲಿದ್ದು ಅಲ್ಲಿನ ಜನಜೀವನದ ಬಗ್ಗೆ ಬರೆದ. ಮುಂದೆ ಅವನ ತಿಳುವಳಿಕೆ ಸುಮಾತ್ರಾದ ಆಚೆ ಪ್ರಾಂತ್ಯದ ಮುಸ್ಲಿಮರನ್ನು ಬಗ್ಗಿಸಲು ಡಚ್ ಸರಕಾರಕ್ಕೆ ನೆರವಾಯಿತು. 1906ರಲ್ಲಿ ಅವನು ಪ್ರಾಧ್ಯಾಪಕನಾಗಿ ಲೈಡನ್ನಿಗೆ ಮರಳಿದ.

ವಸಾಹತುಗಳಿಂದ ಬಂದ ವಸ್ತುಗಳು ‘ವೇರಲ್ಡ್ ಮ್ಯೂಸಿಯಂ’ನಲ್ಲಿವೆ. ಇಲ್ಲಿ ನೋಡುವಾಗ ವಸ್ತುವಿನ ಅಂದದ ಜೊತೆ ಅದು ಬಂದ ದಾರಿಯನ್ನೂ ಕೇಳಬೇಕಾಗುತ್ತದೆ. ವಾರ್ನರ್ ಹಣ ಕೊಟ್ಟು ಕೊಂಡ. ಜಾವಾದ ಸಿಂಗೊಸಾರಿ ದೇಗುಲದ ಶಿಲ್ಪಗಳನ್ನಾದರೋ 19ನೇ ಶತಮಾನದ ಆರಂಭದಲ್ಲಿ ಡಚ್ ಅಧಿಕಾರಿಗಳು ಕಿತ್ತು ಸಾಗಿಸಿದ್ದರು. ಅವುಗಳ ಪೈಕಿ ನಾಲ್ಕನ್ನು 2023ರಲ್ಲಿ ನೆದರ್ಲ್ಯಾಂಡ್ಸ್ ಇಂಡೋನೇಷ್ಯಾಕ್ಕೆ ಹಿಂತಿರುಗಿಸಿತು. ಅದಕ್ಕೂ ಮೊದಲೇ, 1978ರಲ್ಲಿ, ಪ್ರಜ್ಞಾಪಾರಮಿತೆಯ ಶಿಲ್ಪ ಜಕಾರ್ತಕ್ಕೆ ಮರಳಿತ್ತು.